ಎರಡನೇ ಕೋರ್ಟಿನ ಮಣ್ಣು

ಹೊಗಳಿಸಿಕೊಂಡು ಮೈ ಬೆವತದ್ದು ನನ್ನ ಜೀವನದಲ್ಲಿ ಒಂದೇ ಸಲ, ಅದೂ ಹೋದ ತಿಂಗಳು. ಬ್ಯಾಂಕಿನ ಹಳೆಯ ಸಹೋದ್ಯೋಗಿ ಸತ್ಯನಾರಾಯಣರ ಮೊಮ್ಮಗಳ ಮದುವೆಗೆಂದು ವಿಜಯವಾಡದ ಹತ್ತಿರದ ಗನ್ನವರಕ್ಕೆ ಹೋಗಿದ್ದೆ. ಊಟ ಮುಗಿಸಿ ಒಂದು ಮೂಲೆಯಲ್ಲಿ ತೂಕಡಿಸೋಣ ಅಂದರೆ ಆ ಪುಣ್ಯಾತ್ಮ ಬಿಡಬೇಕಲ್ಲ. "ಬನ್ನಿ ಹಿರೇಮಠಗಾರು, ನಮ್ಮ ಹಳೇ ಕ್ಲಬ್ಬು ಈಗ ಹೇಗಾಗಿದೆ ನೋಡಿ" ಎಂದು ಕಾರಿಗೆ ಹತ್ತಿಸಿಕೊಂಡು ವಿಜಯವಾಡಕ್ಕೆ ಕರೆದೊಯ್ದರು. ಮಣ್ಣಿನ ಕೋರ್ಟುಗಳೆಲ್ಲ ಹೋಗಿ ಈಗ ನೀಲಿ ಬಣ್ಣದ ಗಟ್ಟಿ ನೆಲ ಬಂದಿದೆ. ಎರಡನೇ ಕೋರ್ಟಿನ ಮುಂದೆ ನಿಂತು ಸತ್ಯನಾರಾಯಣ ತಮ್ಮ ಅಳಿಯನಿಗೆ ಹೇಳಿದರು: "ಆ ವರ್ಷ ದೊಡ್ಡ ಟೂರ್ನಮೆಂಟ್ ಆಯ್ತಲ್ಲ, ಆಗ ಈ ಕೋರ್ಟನ್ನು ನಿಂತು ಮಾಡಿಸಿದವರು ಇವರೇ. ರೈತರ ಮನೆತನ, ಮಣ್ಣು ಅಂದರೆ ಇವರಿಗೆ ಗೊತ್ತು." ಅಳಿಯ ಕೈ ಮುಗಿದ. ಪಕ್ಕದಲ್ಲಿ ಮಾಲಿಯೊಬ್ಬ ಕ್ರೋಟನ್ ಗಿಡಗಳಿಗೆ ಪೈಪ್ ಹಿಡಿದು ನೀರು ಬಿಡುತ್ತಿದ್ದ. ಬಿಸಿಲಿಗೆ ಕಾದ ಮಣ್ಣಿನ ಮೇಲೆ ನೀರು ಬೀಳುವ ಆ ಸದ್ದು, ಆ ವಾಸನೆ ಬಂದದ್ದೇ ತಡ, ಮೂವತ್ತು ಚಿಲ್ಲರೆ ವರ್ಷದ ಹಿಂದಿನ ಹೆದರಿಕೆ ಹಾಗೆಯೇ ಎದ್ದು ಕೂತಿತು. ಶುಗರ್ ಇಳಿದಿದೆ ಎಂದು ಸುಳ್ಳು ಹೇಳಿ ಕಾರಿನಲ್ಲಿ ಹೋಗಿ ಕೂತೆ.

ಈ ಕತೆಯನ್ನು ನನ್ನ ಹೆಂಡತಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ ಅಂದರೆ ಧೈರ್ಯ ಬಂದಿದೆ ಅಂತ ತಿಳಿಯಬೇಡಿ. ಹೊಗಳಿಕೆ ತಡೆದುಕೊಳ್ಳಲಾಗಲಿಲ್ಲ, ಅಷ್ಟೇ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗದಗಿನ ಕಡೆಯವನಾದ ನನ್ನನ್ನು ಬ್ಯಾಂಕಿನವರು ಪ್ರಮೋಷನ್ ಕೊಟ್ಟು ವಿಜಯವಾಡಕ್ಕೆ ಎತ್ತಿ ಹಾಕಿದ್ದರು. ಹೆಂಡತಿ, ಮಕ್ಕಳು ಹುಬ್ಬಳ್ಳಿಯಲ್ಲಿ. ನಾನು ಒಂದು ಕೋಣೆ ಹಿಡಿದುಕೊಂಡು, ಮೆಸ್ಸಿನಲ್ಲಿ ಗೋಂಗೂರದ ಖಾರದ ಚಟ್ನಿ ತಿಂದು ನಾಲಿಗೆ ಸುಟ್ಟುಕೊಂಡು, 'ದೇವರೇ ಹುಬ್ಬಳ್ಳಿಗೆ ಹಾಕಿಸಪ್ಪಾ' ಎಂದು ದಿನ ಎಣಿಸುತ್ತಿದ್ದೆ. ತೆಲುಗು ನನಗೆ ಬರುತ್ತಿತ್ತು ಅಂದರೆ ಬರುತ್ತಿತ್ತು, ಇಲ್ಲ ಅಂದರೆ ಇಲ್ಲ. ಮೊದಲ ದೀಪಾವಳಿಗೆ ಊರಿಗೆ ಹೋಗಿ ಬಂದವನು ಧಾರವಾಡದ ಡಬ್ಬಿ ತೆರೆದು, "ಪೇಡಾ ತಿನ್ನಂಡಿ, ಪೇಡಾ ತಿನ್ನಂಡಿ" ಎಂದು ಕೌಂಟರಿನಿಂದ ಕೌಂಟರಿಗೆ ಹಿಡಿದುಕೊಂಡು ಓಡಾಡಿದ್ದೆ. ಇಡೀ ಬ್ರ್ಯಾಂಚು ಬಿದ್ದು ಬಿದ್ದು ನಕ್ಕಿತು. ಅವರ ಭಾಷೆಯಲ್ಲಿ ಪೇಡ ಅಂದರೆ ಸಗಣಿಯಂತೆ! ನಾನೂ ನಕ್ಕೆ. ಎರಡು ಭಾಷೆಗಳ ನಡುವೆ ಇಂಥ ಹೊಂಡಗಳು ಇರುತ್ತವೆ ಅಂತ ಅವತ್ತೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಬೆಳಿಗ್ಗೆ ಹೊತ್ತು ಹೋಗಲಿ ಎಂದು ಕ್ಲಬ್ಬಿಗೆ ಟೆನಿಸ್ ಆಡಲು ಹೋಗುತ್ತಿದ್ದೆ. ಅಲ್ಲಿಯ ಅಧ್ಯಕ್ಷರು ನಮ್ಮ ಬ್ಯಾಂಕಿನ ರೀಜನಲ್ ಮ್ಯಾನೇಜರರೇ, ರಾವ್ ಅಂತ. ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಗಂಡಸರು, ಹೆಂಗಸರು ಇಬ್ಬರಿಗೂ ಮಣ್ಣಿನ ಕೋರ್ಟಿನ ಒಂದು ಟೂರ್ನಮೆಂಟು ಬಂತು. ದೊಡ್ಡ ಹೆಸರಿನವರು ಬರುವಂಥದ್ದಲ್ಲ. ಆಡಿಯೇ ಹೊಟ್ಟೆ ಹೊರೆಯಬೇಕು ಎಂದುಕೊಂಡು ರೈಲಿನಲ್ಲಿ ಊರೂರು ಸುತ್ತುವ ಹುಡುಗ ಹುಡುಗಿಯರು ಬರುವಂಥದ್ದು. ಮೊದಲ ವಾರ ವಿಶಾಖಪಟ್ಟಣ, ಎರಡನೇ ವಾರ ನಮ್ಮ ವಿಜಯವಾಡ. ನಮ್ಮಲ್ಲಿದ್ದ ಮೂರು ಕೋರ್ಟುಗಳಲ್ಲಿ ಎರಡನೆಯದು ತಗ್ಗು ದಿಣ್ಣೆಯಾಗಿ ಹಾಳಾಗಿತ್ತು, ಅಗೆದು ಹೊಸದಾಗಿ ಮಾಡಬೇಕಿತ್ತು. ಕಮಿಟಿಯ ಮೀಟಿಂಗಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮ ಮನೆತನದವರು ಮಣ್ಣು ಮೂಸಿ ನೋಡಿ ಯಾವ ಬೆಳೆ ಬರುತ್ತದೆ ಅಂತ ಹೇಳುತ್ತಾರೆ ಎಂದು ಬಡಾಯಿ ಕೊಚ್ಚಿದೆ. ರಾವ್ ಅವರು ತಟ್ಟನೆ, "ಹಾಗಾದರೆ ಎರಡನೇ ಕೋರ್ಟು ನಿಮ್ಮ ಜವಾಬ್ದಾರಿ. ಇದು ಚೆನ್ನಾಗಿ ಆಗಲಿ, ನಿಮ್ಮ ಹುಬ್ಬಳ್ಳಿ ಟ್ರಾನ್ಸ್‌ಫರ್ ನನ್ನ ಜವಾಬ್ದಾರಿ" ಎಂದರು. ನನಗೆ ಆಗಲೇ ಹುಬ್ಬಳ್ಳಿ ಸ್ಟೇಷನ್ನಿನ ಚಹಾದ ವಾಸನೆ ಬಂತು.

ಕೋರ್ಟು ಕಟ್ಟುವುದರಲ್ಲಿ ವಿಶಾಖಪಟ್ಟಣದ ಕ್ಲಬ್ಬಿನ ಮಾಲಿ ಅಪ್ಪಲಸ್ವಾಮಿಯ ಹೆಸರು ದೊಡ್ಡದು. ಟ್ರಂಕ್ ಕಾಲ್ ಹಚ್ಚಿ ಅವನನ್ನು ಕೇಳಿದೆ. ಲೈನು ಗೊರಗೊರ ಅನ್ನುತ್ತಿತ್ತು. ಅವನು ಅತ್ತಲಿಂದ ಕೂಗಿ ಹೇಳಿದ: "ಮೂಡು ಪಾಳ್ಳು ಎರ್ರಮನ್ನು, ಒಕ ಪಾಲು ಇಸಕ, ಪೈನ ಇಟುಕ ಪೊಡಿ." ಮೂರು ಪಾಲು ಆ ಮಣ್ಣು, ಒಂದು ಪಾಲು ಮರಳು, ಮೇಲೆ ಇಟ್ಟಂಗಿ ಪುಡಿ. ನಾನು ಡೈರಿಯಲ್ಲಿ ಅಚ್ಚ ಕನ್ನಡದಲ್ಲಿ ಬರೆದುಕೊಂಡೆ: ಎರಿಮಣ್ಣು ಮೂರು ಪಾಲು.

ತೆಲುಗಿನಲ್ಲಿ ಎರ್ರ ಅಂದರೆ ಕೆಂಪು. ನನಗದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದಿನಾ ಕೆಂಪು ಬಸ್ಸಿಗೆ 'ಎರ್ರ ಬಸ್ಸು' ಅಂತ ಅವರ ಹಾಗೆಯೇ ಅನ್ನುತ್ತಿದ್ದೆ. ಆದರೆ ಆ ಮಾತಿನ ಬಾಲಕ್ಕೆ 'ಮನ್ನು' ಅಂತ ಸೇರಿದ ಕೂಡಲೇ ಕೇಳಿಸಿಕೊಂಡದ್ದು ಬ್ಯಾಂಕಿನ ಆಫೀಸರನ ಕಿವಿಯಲ್ಲ, ಗದಗಿನ ಹೊಲದಲ್ಲಿ ಬೆಳೆದವನ ಕಿವಿ. ನಮ್ಮ ಕಡೆ ಕೆಂಪು ಮಣ್ಣಿಗೆ ಮಸಾರಿ ಅನ್ನುತ್ತಾರೆ. ಎರಿ ಅಂದರೆ ಹತ್ತಿ ಬೆಳೆಯುವ ಕರೀ ಮಣ್ಣು. ಅಪ್ಪಲಸ್ವಾಮಿ ಮಣ್ಣಿಗೆ 'ಮಟ್ಟಿ' ಅಂದಿದ್ದರೆ ನಾನು ಬಚಾವಾಗುತ್ತಿದ್ದೆ. ಅವನು ನಮ್ಮ ಮಾತೇ ಆಡಿಬಿಟ್ಟ.

ಎರಿಮಣ್ಣು ಬೇಕಾದರೆ ಗುಂಟೂರಿನ ಸೀಮೆಯಲ್ಲಿ ಬರವೇ? ನಾನೇ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು, ಹೊಳೆಯ ಬ್ಯಾರೇಜು ದಾಟಿ, ಮಂಗಳಗಿರಿಯನ್ನೂ ದಾಟಿ ಹತ್ತಿ ಹೊಲಗಳಿಗೆ ಹೋದೆ. ಹೆಂಟೆ ಒಡೆದು ಕೈಯಲ್ಲಿ ಉಜ್ಜಿ ನೋಡಿದೆ. ಕಪ್ಪಗೆ, ಜಿಗುಟಾಗಿ, ನಮ್ಮ ಹೊಲದ ಮಣ್ಣಿನ ಹಾಗೆಯೇ ಇತ್ತು. ಸಂತೋಷವಾಯಿತು ನನಗೆ, ಪರದೇಶದಲ್ಲಿ ನಮ್ಮವರು ಸಿಕ್ಕಷ್ಟು ಸಂತೋಷ. ಲೋಡು ಇಳಿಸುವಾಗ ನಮ್ಮ ಕ್ಲಬ್ಬಿನ ಮಾಲಿ ಕೋಟಯ್ಯ ಸಲಿಕೆ ಹಿಡಿದುಕೊಂಡು ನಿಂತೇ ಇದ್ದ. "ಇಂತ ನಲ್ಲಮನ್ನಾ ಸಾರ್?" ಎಂದ. ಇಷ್ಟೊಂದು ಕಪ್ಪು ಮಣ್ಣೇ ಅಂತ. "ವೈಜಾಗಿನ ಮಾಲಿಯೇ ಹೇಳಿದ್ದಾನಯ್ಯಾ, ನಿನಗೇನು ಗೊತ್ತು, ಹಾಕು" ಎಂದು ದಬಾಯಿಸಿದೆ. ಕೋಟಯ್ಯ ಹಾಕಿದ, ತುಳಿಸಿದ, ರೋಲರ್ ಎಳೆಸಿದ. ಮೇಲೆ ಒಂದು ಬೆರಳು ದಪ್ಪ ಇಟ್ಟಂಗಿ ಪುಡಿ ಹರಡಿ ಬಿಳಿ ಪಟ್ಟಿ ಬಡಿದ ಮೇಲೆ ಆಹಾ, ಏನು ಚೆಂದ ಕಾಣುತ್ತಿತ್ತು ಅಂತೀರಿ! ರಾವ್ ಅವರು ನನ್ನ ಬೆನ್ನು ತಟ್ಟಿದರು.

ಟೂರ್ನಮೆಂಟಿನ ಏರ್ಪಾಡು ಹೇಗಿರುತ್ತದೆ ನೋಡಿಕೊಂಡು ಬಾ ಎಂದು ಮೊದಲ ವಾರ ನನ್ನನ್ನು ವಿಶಾಖಪಟ್ಟಣಕ್ಕೆ ಕಳಿಸಿದರು. ಸಮುದ್ರದ ಗಾಳಿಗೆ ಚೆಂಡು ಅತ್ತಿತ್ತ ತೇಲುತ್ತಿತ್ತು, ಹುಡುಗರು ಗಾಳಿಗೆ ಬಯ್ಯುತ್ತ ಆಡುತ್ತಿದ್ದರು. ಮೊದಲ ದಿನವೇ ಹಿಂದಿನಿಂದ "ಯವ್ವಾ, ನೀರಿನ ಬಾಟ್ಲಿ ಎಲ್ಲಿಟ್ಟಿ?" ಎಂಬ ದನಿ ಕೇಳಿ ತಿರುಗಿ ನೋಡಿದೆ. ಶೈಲಾ ಅಂತ ಹುಡುಗಿ, ನವಲಗುಂದದ ಹತ್ತಿರದವಳು, ಆಗ ಬೆಳಗಾವಿಯಲ್ಲಿದ್ದಳು. ಜೊತೆಗೆ ಅವಳ ಅವ್ವ. ಎರಡು ವರ್ಷ ಕನ್ನಡಕ್ಕೆ ಹಸಿದಿದ್ದವನು ನಾನು. ಹೋಗಿ ಮಾತಾಡಿಸಿದೆ, ಊರು ಕೇರಿ ಎಲ್ಲ ಬಂತು, ಅರ್ಧ ತಾಸಿನಲ್ಲಿ ಅವಳು ನನ್ನನ್ನು ಕಾಕಾ ಅನ್ನತೊಡಗಿದಳು. ಬಲ ಮೊಣಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡಿದ್ದಳು. ಹಿಂದಿನ ವರ್ಷ ಆಪರೇಷನ್ ಆಗಿತ್ತು. "ಇನ್ನೊಮ್ಮೆ ತಿರುವಿತಂದ್ರ ಆಟ ಮುಗೀತು ಅಂದಾರ್ರಿ ಡಾಕ್ಟರ್" ಎಂದು ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡರು. "ಏ ಸುಮ್ಮನಿರಬೇ, ಕಂಡಕಂಡವ್ರ ಮುಂದ ಅದನ್ನ ಹೇಳಕೋತ" ಎಂದು ಶೈಲಾ ಸಿಡುಕಿದಳು.

ಮೂರನೇ ದಿನ ಸಂಜೆ ಅಪ್ಪಲಸ್ವಾಮಿಯನ್ನು ಹುಡುಕಿಕೊಂಡು ಹೋದೆ, ಥ್ಯಾಂಕ್ಸ್ ಹೇಳೋಣ ಎಂದು. ಮುದುಕ ಶೆಡ್ಡಿನ ಹಿಂದೆ ಜರಡಿ ಹಿಡಿಯುತ್ತಿದ್ದ. ಪಕ್ಕದಲ್ಲಿ ಒಂದು ಗುಡ್ಡೆ ಮಣ್ಣು. ನಾನು ನಗುತ್ತ, "ಇದ್ಯಾವುದಯ್ಯಾ?" ಎಂದೆ. ಅವನು ಒಂದು ಬೊಗಸೆ ಎತ್ತಿ ನನ್ನ ಕೈಗೆ ಸುರಿದ. "ಇದೇನಂಡಿ ಎರ್ರಮನ್ನು. ಫೋನುಲೋ ಚೆಪ್ಪಾನು ಕದಾ." ಇದೇ ಸ್ವಾಮೀ, ಫೋನಿನಲ್ಲಿ ಹೇಳಿದ್ದೆನಲ್ಲ. ನನ್ನ ಬೊಗಸೆಯಲ್ಲಿದ್ದದ್ದು ಕುಂಕುಮದಂಥ ಕೆಂಪು ಮಸಾರಿ ಮಣ್ಣು.

ಆ ಮಣ್ಣನ್ನು ಗುಡ್ಡೆಗೆ ಸುರಿದು ಕೈ ಒರೆಸಿಕೊಂಡೆ. ಅಪ್ಪಲಸ್ವಾಮಿಗೆ ಅನುಮಾನ ಬಾರದ ಹಾಗೆ, ಅದರೊಳಗೆ ಕಪ್ಪು ಮಣ್ಣು ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ಸ್ವಲ್ಪ ಬೆರೆಸಬಹುದು ಸ್ವಾಮೀ, ಅಂಟಿಗೆ. ಅದೇ ಹೆಚ್ಚಾಗಿ ನೀರು ಕುಡಿಯಿತು ಅಂದರೆ ಕಾಲು ಮೊದಲು ಜಾರುತ್ತೆ, ಆಮೇಲೆ ಹಿಡಿದುಕೊಳ್ಳುತ್ತೆ. ಮೈ ತಿರುಗುತ್ತೆ, ಪಾದ ತಿರುಗಲ್ಲ" ಎಂದು ತನ್ನ ಎರಡು ಮುಷ್ಟಿ ಒಂದರ ಮೇಲೊಂದು ಇಟ್ಟು ತಿರುಚಿ ತೋರಿಸಿದ. ಅವನು ತೋರಿಸುವುದು ಬೇಕಿರಲಿಲ್ಲ. ಮಳೆಯಾದ ಎರಿ ಹೊಲದಲ್ಲಿ ಚಪ್ಪಲಿ ಸಿಕ್ಕಿಕೊಂಡು ನಾನೇ ಎಷ್ಟು ಸಲ ಮುಗ್ಗರಿಸಿ ಬಿದ್ದಿದ್ದೆ.

ವಿಜಯವಾಡದ ವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ನಾಲ್ಕು ದಿನದಲ್ಲಿ ಹೊಸ ಕೋರ್ಟು ಆಗುವುದಿಲ್ಲ, ಆದರೆ ಆ ಕೋರ್ಟಿನಲ್ಲಿ ಆಟ ಬೇಡ ಎನ್ನುವುದಕ್ಕೆ ಒಂದು ನಿಮಿಷ ಸಾಕಿತ್ತು. ಪೋಸ್ಟಾಫೀಸಿಗೆ ಹೋಗಿ ರಾವ್ ಅವರಿಗೆ ಕಾಲ್ ಬುಕ್ ಮಾಡಿದೆ. ಬೆಂಚಿನ ಮೇಲೆ ಕಾಯುತ್ತ ಕೂತೆ. ಏನಂತ ಹೇಳುವುದು? ಮಣ್ಣು ಮೂಸಿ ಬೆಳೆ ಹೇಳುವ ಮನೆತನದವನು ಕೆಂಪಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ಹೋದೆ ಅಂತಲೇ? ಪೇಡಾ ಕತೆಗೆ ನಕ್ಕ ಬ್ರ್ಯಾಂಚು ಇದಕ್ಕೆ ನಗದೆ ಬಿಡುತ್ತದೆಯೇ? ಹುಬ್ಬಳ್ಳಿ ಮರೆತುಬಿಡಬೇಕು. ಕೋರ್ಟು ಗಟ್ಟಿಯಾಗಿಯೇ ಇದೆಯಲ್ಲ, ನೀರು ಕಡಿಮೆ ಹಾಕಿಸಿದರಾಯಿತು ಎಂದುಕೊಂಡೆ. ಗುಮಾಸ್ತ ನನ್ನ ಹೆಸರು ಕೂಗುವ ಮೊದಲೇ ಎದ್ದು ಹೋಗಿ ಕಾಲ್ ಕ್ಯಾನ್ಸಲ್ ಮಾಡಿಸಿದೆ. ಹೊರಗೆ ಬಂದು ಬೀಚಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ.

ಮರುದಿನ ಶೈಲಾ ತಾನಾಗಿಯೇ ಕೇಳಿದಳು. "ಕಾಕಾ, ನಿಮ್ಮ ಕೋರ್ಟ್ ಹೆಂಗ ಅದಾವ್ರಿ? ಕಾಲಿಗೆ ಭಾಳ ಅಂಜಿಕಿ ಆಗೇತಿ ನನಗ." ನಾನು ಅವಳ ಮುಖ ನೋಡದೆ, "ಚಲೋ ಅದಾವವ್ವ, ಏನೂ ಕಾಳಜಿ ಮಾಡಬ್ಯಾಡ" ಎಂದೆ. ಅವಳ ಪಕ್ಕದಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದ ಇನ್ನೊಬ್ಬ ಹುಡುಗಿ, ಏನು ಹೇಳಿದರು ಎಂದು ತೆಲುಗಿನಲ್ಲಿ ಕೇಳಿದಳು. ಶೈಲಾ ಹರಕು ಮುರುಕು ಇಂಗ್ಲಿಷಿನಲ್ಲಿ ತಿಳಿಸಿದಳು. "ಅಮ್ಮಯ್ಯಾ!" ಎಂದು, ಸದ್ಯ ಬದುಕಿದೆ ಎನ್ನುವ ಹಾಗೆ, ಆ ಹುಡುಗಿ ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನತ್ತ ನೋಡಿ ನಕ್ಕಳು. ಅವಳ ಹೆಸರು ಭಾರತಿ. ವಿಶಾಖಪಟ್ಟಣದ ಪಕ್ಕದ ಗಾಜುವಾಕದವಳು, ಅಪ್ಪನಿಗೆ ಅಲ್ಲೇ ಒಂದು ಸೈಕಲ್ ಅಂಗಡಿ. ಅವಳು ಆಡುವಾಗಲೆಲ್ಲ ಆತ ತಂತಿ ಬೇಲಿಗೆ ಮುಖ ಒತ್ತಿಕೊಂಡು "ಕಾಲು! ಕಾಲು ಚೂಸ್ಕೋ!" ಎಂದು, ಕಾಲು ನೋಡಿಕೋ ಅಂತ, ಕೂಗುತ್ತಿದ್ದ. ಮಣ್ಣಿನ ಮೇಲೆ ಜಾರಿ ಚೆಂಡು ಹೊಡೆಯುವುದರಲ್ಲಿ ಅವಳದು ಸ್ವಲ್ಪ ಅವಸರ, ಅದಕ್ಕೆ ಆತನಿಗೆ ಸಿಟ್ಟು. ವಿಜಯವಾಡದ್ದೇ ಅವಳು ಊರು ಬಿಟ್ಟು ಆಡುವ ಮೊದಲ ಆಟವಂತೆ.

ವಿಜಯವಾಡಕ್ಕೆ ಮರಳಿದ ಮೇಲೆ ಒಂದೊಂದು ದಿನವನ್ನೂ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಬಿಸಿಲು ಏರತೊಡಗಿತ್ತು. ಮಣ್ಣಿನ ಕೋರ್ಟಿಗೆ ಸಂಜೆ ನೀರು ಬಿಡದಿದ್ದರೆ ಧೂಳೇಳುತ್ತದೆ, ಬಿಟ್ಟರೆ ನನ್ನ ಜೀವ ಹೋಗುತ್ತದೆ. ಬ್ಯಾಂಕು ಮುಗಿದದ್ದೇ ಓಡಿ ಬಂದು ಕೋಟಯ್ಯನ ಪಕ್ಕ ನಿಲ್ಲುತ್ತಿದ್ದೆ. "ಎರಡನೆಯದಕ್ಕೆ ಸಾಕು, ಸಾಕು ಬಿಡು" ಅನ್ನುತ್ತಿದ್ದೆ. ಅವನು ಪೈಪು ಮಡಚಿ ಹಿಡಿದು ನನ್ನ ಮುಖ ನೋಡುತ್ತಿದ್ದ. ಅವನಿಗೆ ತಿಳಿದಿತ್ತು. ಯಾಕೆ ಸಾರ್ ಅಂತ ಒಂದು ಮಾತು ಕೇಳಿದ್ದರೂ ಬಹುಶಃ ಎಲ್ಲ ಹೇಳಿಬಿಡುತ್ತಿದ್ದೆ. ಆದರೆ ಒಮ್ಮೆ ದಬಾಯಿಸಿಕೊಂಡವನು ಎರಡನೇ ಸಲ ಯಾಕೆ ಕೇಳುತ್ತಾನೆ? ಬೆಳಿಗ್ಗೆ ಯಾರೂ ಬರುವ ಮುಂಚೆ ಹೋಗಿ, ಬೇಸ್‌ಲೈನಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಕೆಂಪು ಪುಡಿಯ ಕೆಳಗೆ ಮೆತ್ತಗೆ, ತಣ್ಣಗೆ ಇರುತ್ತಿತ್ತು.

ಮೊದಲ ದಿನ ಎರಡನೇ ಕೋರ್ಟಿನಲ್ಲಿ ಗಂಡಸರ ಆಟಗಳು. ಅಬ್ಬಾ, ಎಂಥೆಂಥ ಆಳುಗಳು, ಎತ್ತಿನಂಥವರು! ಒಬ್ಬೊಬ್ಬ ಓಡಿದಾಗಲೂ ನಾನು ಕುರ್ಚಿಯ ತೋಳು ಹಿಡಿದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ. ಒಬ್ಬ ಮಾತ್ರ, ಚೆಂಡು ಏಳುತ್ತಿಲ್ಲ, ಕೋರ್ಟು ಭಾರವಾಗಿದೆ ಎಂದು ಗೊಣಗಿದ. ನಾಲ್ಕು ಆಟ ಮುಗಿಯಿತು, ಎಲ್ಲರೂ ತಮ್ಮ ಕಾಲಿನ ಮೇಲೇ ನಡೆದು ಹೋದರು. ಎದುರಿನ ಅಂಗಡಿಯಲ್ಲಿ ಎರಡು ಸೋಡಾ ಕುಡಿದು, ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಮದರಾಸಿನಿಂದ ಬಂದಿದ್ದ ರೆಫರಿ ಕೋಟಯ್ಯನನ್ನು ಕರೆದು, "ಎರಡನೇ ಕೋರ್ಟು ಒಣಗಿದೆ, ಮೇಲೆಲ್ಲ ಧೂಳು. ಇವತ್ತು ಚೆನ್ನಾಗಿ ನೆನೆಸಿ, ಎರಡು ಪಟ್ಟು ನೀರು ಬಿಡಿ" ಎಂದರು. ನಾನು ಅಲ್ಲೇ ನಿಂತಿದ್ದೆ. ಬೇಡ ಎಂದರೆ ಯಾಕೆ ಅನ್ನುತ್ತಾರೆ. ಸುಮ್ಮನೆ ನಿಂತೆ. ಕೋಟಯ್ಯ ನನ್ನನ್ನೊಮ್ಮೆ ನೋಡಿ ಪೈಪು ಬಿಚ್ಚಿದ. ಆ ಕೋರ್ಟು ಸಳಸಳ ಎಂದು ನೀರು ಕುಡಿಯಿತು, ಎಷ್ಟು ಬಿಟ್ಟರೂ ಕುಡಿಯಿತು.

ಬೆಳಿಗ್ಗೆ ನೋಟೀಸ್ ಬೋರ್ಡಿನ ಮುಂದೆ ಹೋಗಿ ನಿಂತೆ. ಹೆಂಗಸರ ಮೊದಲ ಸುತ್ತು, ಎರಡನೇ ಕೋರ್ಟಿನಲ್ಲಿ ಮೊದಲ ಆಟ ಶೈಲಾಳದು. ಆ ಹಾಳೆಯಲ್ಲಿ ನನಗೆ ಬೇರೆ ಯಾವ ಹೆಸರೂ ಕಾಣಲಿಲ್ಲ. ಆ ದಪ್ಪ ಪಟ್ಟಿ ಸುತ್ತಿದ ಮೊಣಕಾಲೊಂದೇ ಕಣ್ಣ ಮುಂದೆ. ರೆಫರಿಯ ಟೇಬಲ್ಲಿಗೆ ಓಡಿದೆ. "ಶೈಲಾ ಅವರ ತಾಯಿಗೆ ಬಿಸಿಲು ಆಗೋದಿಲ್ಲ ಸರ್, ವಯಸ್ಸಾದವರು. ಮೂರನೇ ಕೋರ್ಟಿನ ಹತ್ತಿರ ಬೇವಿನ ನೆರಳಿದೆ. ಅಲ್ಲಿಗೆ ಹಾಕಿದರೆ ಉಪಕಾರ" ಎಂದೆ. ರೆಫರಿ ಒಳ್ಳೆಯ ಮನುಷ್ಯ. ಎರಡೂ ಮೊದಲ ಆಟಗಳೇ ತಾನೇ, ಅದಲು ಬದಲು ಮಾಡಿದರಾಯಿತು ಎಂದು ಪೆನ್ನಿನಿಂದ ಎರಡು ಬಾಣ ಎಳೆದರು. ಮೂರನೇ ಕೋರ್ಟಿನಿಂದ ಎರಡಕ್ಕೆ ಹೋದ ಬಾಣದ ತುದಿಯಲ್ಲಿ ಯಾರಿದ್ದಾರೆ ಎಂದು ನಾನು ಆಗ ನೋಡಿದೆ. ಭಾರತಿ.

ನೋಡಿದೆ, ಸುಮ್ಮನಾದೆ. ಇದನ್ನು ನಾನು ಎಷ್ಟು ಸಲ ತಿರುವಿ ಹಾಕಿ ನೋಡಿದರೂ ಬೇರೆ ಥರ ಬರೆಯಲಾಗುವುದಿಲ್ಲ. ನಿನ್ನೆ ಏನೂ ಆಗಿಲ್ಲವಲ್ಲ ಎಂದು ಒಂದು ಮನಸ್ಸು ಹೇಳಿತು. ಅವಳ ಮೊಣಕಾಲಿಗೆ ಏನೂ ಆಗಿಲ್ಲ, ಗಟ್ಟಿ ಹುಡುಗಿ ಎಂದೂ ಹೇಳಿತು. ಇನ್ನೊಂದು ಮಾತೂ ಹೇಳಿತು, ಅದನ್ನು ಬರೆಯಲು ನಾಚಿಕೆ: ಅವಳು ನಮ್ಮವಳಲ್ಲ.

ಮೂರನೇ ಕೋರ್ಟಿನ ಬೇವಿನ ಕೆಳಗೆ ಶೈಲಾಳ ಅವ್ವನ ಪಕ್ಕ ಕೂತೆ. ಎರಡನೇ ಕೋರ್ಟು ನನ್ನ ಬೆನ್ನಿಗೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡಿದ್ದೆ. "ನೆಳ್ಳಾಗ ಕುಂಡ್ರಿಸಿದ್ರಿ, ದೇವರು ನಿಮಗ ಚಲೋದು ಮಾಡ್ಲಿ" ಎಂದರು ಅವ್ವ. ಶೈಲಾ ಆಡುತ್ತಿದ್ದಳು, ಗೆಲ್ಲುತ್ತಿದ್ದಳು, ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಕಿವಿ ಪೂರ್ತಿ ಹಿಂದೆ ಇತ್ತು. ಟಪ್, ಟಪ್ ಎಂದು ಚೆಂಡಿನ ಸದ್ದು. ನಡುವೆ ಬೂಟು ಜಾರುವ ಸದ್ದು. "ಕಾಲು! ಕಾಲು!" ಎಂದು ಬೇಲಿಗೆ ಆತುಕೊಂಡ ಅಪ್ಪನ ಕೂಗು. ಆ ಕೂಗು ಬರುತ್ತಿರುವವರೆಗೂ ಅವಳು ನಿಂತಿದ್ದಾಳೆ ಅಂತ ಅರ್ಥ ಎಂದುಕೊಂಡು ಉಸಿರು ಬಿಡುತ್ತಿದ್ದೆ. ಶಿವನೇ, ಇದೊಂದು ಆಟ ದಾಟಿಸು, ಇವತ್ತೇ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಹರಕೆ ಹೊತ್ತೆ. ನನ್ನ ಅಂಗೈ ಒದ್ದೆಯಾಗಿ ಚಪ್ಪಾಳೆಯ ಸದ್ದೇ ಬರುತ್ತಿರಲಿಲ್ಲ.

ಮೊದಲು ಕೇಳಿಸಿದ್ದು ಕಿರುಚಾಟವಲ್ಲ. ರ‍್ಯಾಕೆಟ್ಟು ನೆಲಕ್ಕೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದರಲ್ಲೇ ನನಗೆ ಗೊತ್ತಾಯಿತು. ಆಮೇಲೆ "ನಾನ್ನಾ!" ಎಂದು ಅಪ್ಪನನ್ನು ಕೂಗಿದಳು, ಒಂದೇ ಸಲ.

ಓಡಿದೆ. ಬೇಸ್‌ಲೈನಿನ ಹತ್ತಿರ ಅವಳು ಮಗ್ಗುಲಾಗಿ ಬಿದ್ದು ಎರಡೂ ಕೈಯಲ್ಲಿ ಮೊಣಕಾಲು ಅವುಚಿ ಹಿಡಿದಿದ್ದಳು. ಪಾದ ಇರಬೇಕಾದ ದಿಕ್ಕಿಗೆ ಇರಲಿಲ್ಲ. ಅಪ್ಪ ಬೇಲಿ ಹತ್ತಿ ಹಾರಿ ಬಂದಿದ್ದ, ಅಂಗಿ ತಂತಿಗೆ ಸಿಕ್ಕು ಹರಿದಿತ್ತು. ರೆಫರಿ, ಎದುರಾಳಿ ಹುಡುಗಿ, ರಾವ್ ಎಲ್ಲ ಸುತ್ತ ನೆರೆದರು, ಒಂದು ಬೆಂಚು ತಂದು ಅದರ ಮೇಲೆ ಮಲಗಿಸಿ ಗೇಟಿನ ಕಡೆಗೆ ಹೊತ್ತೊಯ್ದರು. ಅವಳು ಜಾರಿದ ಕಡೆ ಕೆಂಪು ಪುಡಿ ಒಂದು ಮೊಳ ಕಿತ್ತುಹೋಗಿ, ಕೆಳಗಿನ ಕರೀ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಅದರಲ್ಲಿ ಅವಳ ಬೂಟಿನ ಗುರುತು ಅಚ್ಚೊತ್ತಿದ ಹಾಗೆ ನಿಂತಿತ್ತು. ಎಲ್ಲರ ಬೆನ್ನೂ ಗೇಟಿನ ಕಡೆಗಿತ್ತು. ನಾನು ಬೂಟುಗಾಲಿನಿಂದ ಅಕ್ಕಪಕ್ಕದ ಕೆಂಪು ಪುಡಿ ಎಳೆದು ಎಳೆದು ಆ ಗುರುತಿನ ಮೇಲೆ ಮುಚ್ಚಿದೆ. ಮುಚ್ಚಿ ತುಳಿದೆ. ತಲೆ ಎತ್ತಿದರೆ ಕೋಟಯ್ಯ ರೋಲರಿನ ಪಕ್ಕ ನಿಂತಿದ್ದ. ಅವನು ಮುಖ ಆಚೆ ತಿರುಗಿಸಿಕೊಂಡ.

ಮುಂದಿನದೆಲ್ಲ ಸಲೀಸಾಗಿ ನಡೆಯಿತು, ಅದೇ ನನಗೆ ಇವತ್ತಿಗೂ ಹೆದರಿಕೆ. ಕೋರ್ಟನ್ನು ಯಾರೂ ಅನುಮಾನಿಸಲಿಲ್ಲ. ಒಂದಿಷ್ಟು ಭಾರವಾಗಿದೆ ಎಂದು ಉಳಿದ ಆಟಗಳನ್ನು ಬೇರೆ ಕಡೆ ಆಡಿಸಿದರು. ಬೇಸಿಗೆ ಬಂದಾಗ ಎರಡನೇ ಕೋರ್ಟು ಅಂಗೈ ತೂರುವಷ್ಟು ಬಿರುಕು ಬಿಟ್ಟಿತು, ವಿಜಯವಾಡದ ಬಿಸಿಲೇ ಹಾಗೆ ಅಂದರು. ಶೈಲಾ ಮುಂದೆ ಎರಡು ಮೂರು ವರ್ಷ ಆಡಿ, ಕೋಚ್ ಆಗಿ, ದೀಪಾವಳಿಗೆ ನನಗೆ ಕಾರ್ಡು ಹಾಕುತ್ತಿದ್ದಳು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಜೂನ್ ತಿಂಗಳಲ್ಲಿ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಭಾರತಿ ಮತ್ತೆ ಆಡಲಿಲ್ಲ ಎಂದು ಯಾರೋ ಹೇಳಿದರು. ಗಾಜುವಾಕಕ್ಕೆ ಹೋಗಿ ಆ ಸೈಕಲ್ ಅಂಗಡಿ ಹುಡುಕಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂದುಕೊಂಡೇ ಇದ್ದೇನೆ.

ಹೇಳುವ ಅವಕಾಶವೇ ಇರಲಿಲ್ಲ ಅನ್ನುವ ಹಾಗೂ ಇಲ್ಲ ನೋಡ್ರಿ. ಭಾರತಿ ಬಿದ್ದ ಆ ದಿನ ಮಧ್ಯಾಹ್ನ ಕಮಿಟಿಯ ಪರವಾಗಿ ನನ್ನನ್ನೇ ಆಸ್ಪತ್ರೆಗೆ ಕಳಿಸಿದರು. ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದೆ. ವಾರ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು. ಭಾರತಿಯ ಕಾಲಿಗೆ ತೊಡೆಯಿಂದ ಕೆಳಗೆ ಹಲಗೆ ಕಟ್ಟಿದ್ದರು. ಒಳಗೆ ಹರಿದಿದೆ, ಮದರಾಸಿಗೆ ಕರೆದೊಯ್ಯಬೇಕು, ಆದರೂ ಆಟದ ಮಾತು ಬಿಡಿ ಎಂದು ಡಾಕ್ಟರು ಆಗಲೇ ಹೇಳಿ ಹೋಗಿದ್ದರು. ಅಪ್ಪ ಹರಿದ ಅಂಗಿಯಲ್ಲೇ ನಿಂತು ಅವಳನ್ನು ಬಯ್ಯುತ್ತಿದ್ದ. ಎಷ್ಟು ಸಲ ಹೇಳಿದೆ ನಿನಗೆ, ಕಾಲು ನೋಡಿಕೋ, ಅವಸರ ಮಾಡಬೇಡ ಅಂತ, ಕೇಳಿದೆಯಾ? ಬಯ್ಯುತ್ತ ಬಯ್ಯುತ್ತ ಅಳುತ್ತಿದ್ದ. ಅವಳು ತಲೆ ಅಲ್ಲಾಡಿಸಿದಳು. "ಲೇದು ನಾನ್ನಾ, ಈ ಸಲ ನಾನು ಅವಸರ ಮಾಡಲಿಲ್ಲ. ಸರಿಯಾಗೇ ಜಾರಿದೆ. ನೆಲವೇ ಕಾಲು ಹಿಡಿದುಕೊಂಡ ಹಾಗಾಯ್ತು."

ಆಗ ಆತ ನನ್ನತ್ತ ತಿರುಗಿದ. ಕೈ ಜೋಡಿಸಿಯೇ ಕೇಳಿದ. "ಮೀರೇ ಚೇಯಿಂಚಾರಟ ಕದಂಡಿ. ಕೋರ್ಟು ಬಾಗಾನೇ ಉಂದಿ ಕದಾ?" ನೀವೇ ಮಾಡಿಸಿದ್ದಂತಲ್ಲ, ಕೋರ್ಟು ಚೆನ್ನಾಗಿಯೇ ಇದೆ ಅಲ್ಲವೇ? ಭಾರತಿಯೂ ದಿಂಬಿನಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಹೌದು ಅಂದರೆ ಒಂದು, ಇಲ್ಲ ಅಂದರೆ ಒಂದು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಬಾಗಾನೇ ಉಂದಂಡಿ" ಎಂದೆ. ಚೆನ್ನಾಗಿಯೇ ಇದೆ.

ಅವಳು ತಲೆಯನ್ನು ಮತ್ತೆ ದಿಂಬಿಗಿಟ್ಟು, ಅಪ್ಪನ ಕೈ ಹುಡುಕಿ ಹಿಡಿದುಕೊಂಡು ಮೆಲ್ಲಗೆ, "ಅಯಿತೇ ತಪ್ಪು ನಾದೇ, ನಾನ್ನಾ" ಎಂದಳು. ಹಾಗಾದರೆ ತಪ್ಪು ನನ್ನದೇ, ಅಪ್ಪಾ.